ಕಾಫಿಯೂ ರಕ್ತದ ಸಕ್ಕರೆಯೂ

ಮಧುಮೇಹವುಳ್ಳವರು ವೈದ್ಯರೆದುರಿಗೆ ಕುಳಿತಾಗ ಅನ್ನದ ವಿಷಯವನ್ನು ಕೇಳುವರು, ಮಾವಿನಹಣ್ಣಿನ ವಿಷಯವನ್ನು ಕೊಂಚ ಸಂಕೋಚದಿಂದ ಕೇಳುವರು. ಕಾಫಿಯ ಮಾತನ್ನು ಮಾತ್ರ, ಸಕ್ಕರೆಯನ್ನು ಬಿಟ್ಟಮೇಲೆ ಅದರಲ್ಲಿ ಕೇಳತಕ್ಕದ್ದೇನೂ ಉಳಿದಿಲ್ಲವೆಂಬ ಭಾವದಿಂದ, ಬಹುಮಂದಿ ಎತ್ತುವುದೇ ಇಲ್ಲ. ಆದರೆ ಸಕ್ಕರೆಯ ಕಣವೊಂದೂ ಬೀಳದ ಕಾಫಿಯೂ ರಕ್ತದಲ್ಲಿನ ಸಕ್ಕರೆಯನ್ನು ಏರಿಸಬಲ್ಲುದು. ಅದೇ ಕಾಫಿಯನ್ನು ವರ್ಷಗಟ್ಟಲೆ ಕುಡಿಯುತ್ತ ಬಂದವರಲ್ಲಿ ಮಧುಮೇಹವು ಕಡಮೆಯಾಗಿ ತಲೆದೋರುತ್ತದೆಂಬುದೂ ನಿಜ. ಪರಸ್ಪರ ವಿರುದ್ಧವೆಂದು ತೋರುವ ಈ ಎರಡು ಸಂಗತಿಗಳಿಗೂ ಆಧಾರವು ಒಂದೇ ದೇಶದಿಂದ, ಒಂದೇ ವರ್ಷದಲ್ಲಿ ಬಂದದ್ದು ಒಂದು ಸ್ವಾರಸ್ಯ.

2002ರಲ್ಲಿ ನೆದರ್‌ಲೆಂಡ್ಸ್ ದೇಶದ ನೈಮೇಗನ್ ನಗರದ ವೈದ್ಯವಿಜ್ಞಾನಿಗಳು, ಆರೋಗ್ಯವಂತರಾದ ಹನ್ನೆರಡು ಮಂದಿಯ ರಕ್ತನಾಳಗಳಿಗೆ ಕೆಫೀನನ್ನು ಹರಿಯಿಸಿ ನೋಡಲಾಗಿ, ಅವರ ದೇಹವು ಇನ್ಸುಲಿನ್‌ಗೆ ಸ್ಪಂದಿಸುವ ಶಕ್ತಿಯು ಶೇಕಡ 15ರಷ್ಟು ಕುಗ್ಗಿತೆಂದು ಪ್ರಕಟಿಸಿದರು. ಅದೇ ವರ್ಷದ ಕೊನೆಯ ಭಾಗದಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದೇ ದೇಶದ ಹದಿನೇಳು ಸಾವಿರಕ್ಕೂ ಮಿಕ್ಕ ಸ್ತ್ರೀಪುರುಷರನ್ನು ಕುರಿತ ವರದಿಯೊಂದು ಹೊರಬಿದ್ದಿತು. ದಿನಕ್ಕೆ ಏಳು ಅಥವಾ ಅದಕ್ಕೂ ಹೆಚ್ಚು ಬಟ್ಟಲು ಕಾಫಿ ಕುಡಿಯುವವರಿಗೆ ಎರಡನೆಯ ಬಗೆಯ ಮಧುಮೇಹ ತಟ್ಟುವ ಸಂಭವವು, ಎರಡು ಬಟ್ಟಲಿಗೆ ಮೀರದವರಿಗಿಂತ ಅರ್ಧದಷ್ಟೇ ಎಂಬುದು ಅದರ ಸಾರ. ಮೊದಲನೆಯದು ಕೆಲವು ಗಂಟೆಗಳ ಲೆಕ್ಕ, ಎರಡನೆಯದು ಅನೇಕ ವರ್ಷಗಳ ಲೆಕ್ಕ. ಆದರೂ ಕಾಲದ ಅಂತರವೊಂದರಿಂದಲೇ ಈ ತೊಡಕು ಬಿಡಿಸಿಕೊಳ್ಳುವುದಿಲ್ಲ. ಕೆಫೀನ್ ಬೇರೆ, ಕಾಫಿ ಬೇರೆ ಎಂಬುದನ್ನು ಮೊದಲು ಮನಗಾಣಬೇಕು.

ಇವೆರಡನ್ನೂ ಮೊತ್ತಮೊದಲು ಬೇರ್ಪಡಿಸಿದವನು ಜರ್ಮನಿಯ ರಸಾಯನಶಾಸ್ತ್ರಜ್ಞ ರುಂಗೆ. 1819ರಲ್ಲಿ, ಬೆಲ್ಲಡೊನ್ನ ಗಿಡದ ಸಾರವು ಕಣ್ಣಿನ ಪಾಪೆಯನ್ನು ಹಿಗ್ಗಿಸುವುದನ್ನು ಈ ತರುಣನು ಬೆಕ್ಕೊಂದರ ಮೇಲೆ ಪ್ರಯೋಗಿಸಿ ಮಹಾಕವಿ ಗಯಟೆಗೆ ತೋರಿಸಿದಾಗ, ಕವಿಯು ಸಂತುಷ್ಟನಾಗಿ ಅಪೂರ್ವವಸ್ತುವೆಂದು ಕಾಪಾಡಿಕೊಂಡಿದ್ದ ಕಾಫಿಬೀಜಗಳನ್ನು ಅವನ ಕೈಗಿತ್ತು, ಇದನ್ನೂ ಪರೀಕ್ಷಿಸಿ ನೋಡೆಂದನು. ಕವಿಯ ಕುತೂಹಲದಿಂದ ರಸಾಯನಶಾಸ್ತ್ರಕ್ಕೆ ಇಷ್ಟು ನೇರವಾದ ಲಾಭ ಒದಗಿದ ಸಂದರ್ಭಗಳು ವಿರಳವೇ ಸರಿ. ಆ ಬೀಜಗಳಿಂದ ಹೊರಟ ಕಹಿಯಾದ ಬಿಳಿಯ ಹರಳೇ ಕೆಫೀನ್.

ದೇಹದ ಕೋಶಗಳು ಶಕ್ತಿಯನ್ನು ವ್ಯಯಮಾಡಿದಂತೆಲ್ಲ ಅಡೆನೊಸಿನ್ ಎಂಬ ದ್ರವ್ಯವು ಸಂಚಯವಾಗುತ್ತದೆ. ಅದು ತನಗೆಂದೇ ಇರುವ ಗ್ರಾಹಕಗಳಲ್ಲಿ ನೆಲೆಗೊಂಡು ಮೆದುಳಿಗೆ ಆಯಾಸವನ್ನು ಸೂಚಿಸುತ್ತದೆ. ರೂಪದಲ್ಲಿ ಅಡೆನೊಸಿನ್ನನ್ನು ಹೋಲುವ ಕೆಫೀನ್, ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತು ತಾನೂ ಉಣ್ಣದೆ, ಉಣ್ಣಬೇಕಾದವನಿಗೂ ಎಡೆಗೊಡದ ಅತಿಥಿಯಂತೆ, ಆ ಗ್ರಾಹಕಗಳನ್ನು ಆಕ್ರಮಿಸಿಕೊಂಡು ಸುಮ್ಮನಿರುತ್ತದೆ. ನಿದ್ರೆ ಹಾರಿಹೋಗುವುದು ಇದರಿಂದಲೇ. ಅದರೊಡನೆ ರಕ್ತದಲ್ಲಿ ಅಡ್ರಿನಲಿನ್ ಏರುತ್ತದೆ. ಅಪಾಯ ಬಂದೊದಗಿದಾಗ ಓಡುವುದಕ್ಕೋ ಹೋರಾಡುವುದಕ್ಕೋ ದೇಹವನ್ನು ಸಜ್ಜುಗೊಳಿಸತಕ್ಕ ಈ ರಸವು, ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೊಜನ್ನನ್ನು ಸಕ್ಕರೆಯಾಗಿ ಒಡೆದು ರಕ್ತಕ್ಕೆ ಬಿಡಿಸುತ್ತದೆ, ಸ್ನಾಯುಗಳಲ್ಲಿ ಇನ್ಸುಲಿನ್ನಿನ ಕಾರ್ಯಕ್ಕೆ ಅಡ್ಡಿಯನ್ನೂ ಉಂಟುಮಾಡುತ್ತದೆ. ಆರೋಗ್ಯವಂತನ ಮೇದೋಜೀರಕ ಗ್ರಂಥಿಯು ಇನ್ನಷ್ಟು ಇನ್ಸುಲಿನ್ ಸುರಿಸಿ ಇದನ್ನು ಸರಿದೂಗಿಸಿಕೊಳ್ಳಬಲ್ಲುದು. ಮಧುಮೇಹಿಯ ಗ್ರಂಥಿಗೆ ಅಷ್ಟು ಸಾಮರ್ಥ್ಯವಿರುವುದಿಲ್ಲ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಜೇಮ್ಸ್ ಲೇನ್ 2008ರಲ್ಲಿ ಪ್ರಕಟಿಸಿದ ಪ್ರಯೋಗವು ಇದನ್ನೇ ತೋರಿಸುತ್ತದೆ. ನಿತ್ಯವೂ ಕಾಫಿ ಕುಡಿಯುವ ಹತ್ತು ಮಂದಿ ಮಧುಮೇಹಿಗಳಿಗೆ ಬೆಳಗ್ಗೆಯೂ ಮಧ್ಯಾಹ್ನವೂ ಕೆಫೀನಿನ ಗುಳಿಗೆಗಳನ್ನು ಕೊಟ್ಟು, ಚರ್ಮದಡಿಯಲ್ಲಿರಿಸಿದ ಸಣ್ಣ ಉಪಕರಣದಿಂದ ಸಕ್ಕರೆಯನ್ನು ಎಡೆಬಿಡದೆ ಅಳೆಯಲಾಗಿ, ಹುಸಿಗುಳಿಗೆಯ ದಿನಕ್ಕಿಂತ ಹಗಲಿನ ಸರಾಸರಿಯು ಶೇಕಡ 8ರಷ್ಟು ಏರಿದ್ದಿತು. ರಾತ್ರಿಯೂಟದ ಬಳಿಕದ ಏರಿಕೆಯಂತೂ ಶೇಕಡ 26. ನುಂಗಿದ ಕೆಫೀನಿನಲ್ಲಿ ಅರ್ಧ ಕಳೆಯುವುದಕ್ಕೆ ಸುಮಾರು ಐದು ಗಂಟೆ ಹಿಡಿಯುವುದರಿಂದ, ಮಧ್ಯಾಹ್ನದ ಗುಳಿಗೆಯ ಅಂಶ ರಾತ್ರಿಯವರೆಗೂ ಉಳಿದಿರುವುದು ಸಹಜ. ಇನ್ನು ಎದ್ದೊಡನೆ ಬರಿಹೊಟ್ಟೆಯಲ್ಲಿ ಕಾಫಿ ಕುಡಿಯುವ ನಮ್ಮಂಥವರು ಗಮನಿಸತಕ್ಕದ್ದೊಂದಿದೆ: ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾನಿಲಯದವರು 2020ರಲ್ಲಿ ತಿಳಿಸಿದಂತೆ, ನಿದ್ದೆಗೆಟ್ಟ ರಾತ್ರಿಯ ಮರುದಿನ ಉಪಾಹಾರಕ್ಕೆ ಮೊದಲೇ ಗಟ್ಟಿಯಾದ ಕಪ್ಪು ಕಾಫಿ ಕುಡಿದ ಆರೋಗ್ಯವಂತರಲ್ಲಿಯೂ ಸಕ್ಕರೆಯ ಏರಿಕೆಯು ಸುಮಾರು ಅರ್ಧದಷ್ಟು ಅಧಿಕವಾಯಿತು.

ಹಾಗಾದರೆ ವರ್ಷಗಳ ಲೆಕ್ಕದಲ್ಲಿ ಕಾಣುವ ಆ ರಕ್ಷಣೆ ಯಾತರದು? ಕೆಫೀನಿನದಂತೂ ಅಲ್ಲವೆಂದು ಹೇಳಲು ಬಲವಾದ ಸೂಚನೆಯುಂಟು. 2014ರಲ್ಲಿ ಹಾರ್ವರ್ಡ್ ಪಂಡಿತರು 28 ಅಧ್ಯಯನಗಳನ್ನು ಕೂಡಿಸಿ ಹನ್ನೊಂದು ಲಕ್ಷ ಜನರ ಲೆಕ್ಕವನ್ನು ನೋಡಿದಾಗ, ಕೆಫೀನ್ ತೆಗೆದ ಕಾಫಿಯನ್ನು ಕುಡಿಯುವವರಲ್ಲಿಯೂ ರೋಗದ ಸಂಭವವು ತಗ್ಗಿದ್ದಿತು. ಕಾಫಿಯಲ್ಲಿ ನೂರಾರು ದ್ರವ್ಯಗಳಿವೆ. ಅವುಗಳಲ್ಲೊಂದಾದ ಕ್ಲೋರೋಜೆನಿಕ್ ಆಮ್ಲವು ಯಕೃತ್ತಿನಿಂದ ಸಕ್ಕರೆ ಹೊರಬೀಳಿಸುವ ಕಿಣ್ವವನ್ನು ತಡೆಯಬಲ್ಲುದೆಂದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಆದರೂ ಕಾಫಿಪ್ರಿಯರು ಹಿಗ್ಗುವುದಕ್ಕೆ ಮೊದಲು ಒಂದು ಮಾತು: ಜೊತೆಯಲ್ಲಿ ಕಂಡದ್ದೆಲ್ಲ ಕಾರಣವಾಗಲಾರದು. ಏಳು ಬಟ್ಟಲು ಕುಡಿಯುವವನ ಊಟವೂ ಉದ್ಯೋಗವೂ ಎರಡು ಬಟ್ಟಲಿನವನದಕ್ಕಿಂತ ಬೇರೆಯಾಗಿರಬಹುದು. ಲೆಕ್ಕಾಚಾರದಿಂದ ಆ ಭೇದಗಳನ್ನು ಎಷ್ಟು ಸರಿದೂಗಿಸಿದರೂ ಶಂಕೆಯ ಶೇಷವೊಂದು ಉಳಿದೇ ಉಳಿಯುತ್ತದೆ.

ಅಲ್ಲದೆ ಆ ಲೆಕ್ಕಗಳಲ್ಲಿ ಬಹುಪಾಲು ಯೂರೋಪು ಅಮೆರಿಕಗಳ ಕಾಫಿಯವು. ನಮ್ಮದರಲ್ಲಿ ರೊಬಸ್ಟಾ ಬೆರೆತಷ್ಟೂ ಕೆಫೀನ್ ಹೆಚ್ಚು, ಏಕೆಂದರೆ ಅದರಲ್ಲಿ ಅರೇಬಿಕಾದ ಸುಮಾರು ಇಮ್ಮಡಿ ಕೆಫೀನಿದೆ. ಚಿಕೋರಿ ಬೆರೆತಷ್ಟೂ ಕಡಮೆ, ಏಕೆಂದರೆ ಅದರಲ್ಲಿ ಕೆಫೀನೇ ಇಲ್ಲ. ಇವೆಲ್ಲದರ ಮೇಲೆ ಹಾಲಿನದೇ ಸಕ್ಕರೆಯುಂಟು. ಲೋಟಕ್ಕೆ ಎರಡು ಚಮಚದಂತೆ ನಾಲ್ಕು ಲೋಟಕ್ಕೆ ಬೆರಸುವ ನಲವತ್ತು ಗ್ರಾಮಿನ ಸಮೀಪದ ಸಕ್ಕರೆಯ ಮುಂದೆ ಕ್ಲೋರೋಜೆನಿಕ್ ಆಮ್ಲದ ಹೆಸರೆತ್ತುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ.

ಮನೆಯಲ್ಲಿ ಗ್ಲುಕೋಮೀಟರ್ ಇರುವ ಮಧುಮೇಹಿಗಳು ಒಂದೇ ಬಗೆಯ ತಿಂಡಿಯನ್ನು ಒಂದು ದಿನ ಕಾಫಿಯೊಡನೆಯೂ ಇನ್ನೊಂದು ದಿನ ಕಾಫಿಯಿಲ್ಲದೆಯೂ ತಿಂದು, ಎರಡು ಗಂಟೆಗಳ ಬಳಿಕ ಸಕ್ಕರೆಯನ್ನು ಅಳೆದು ನೋಡಬಹುದು. ಒಬ್ಬೊಬ್ಬರ ದೇಹವು ಕೆಫೀನನ್ನು ಒಂದೊಂದು ವೇಗದಲ್ಲಿ ಕಳೆದುಕೊಳ್ಳುವುದರಿಂದ ನೆರೆಯವನ ಅಂಕಿಯು ತನಗೆ ಹೊಂದಬೇಕೆಂದಿಲ್ಲ. ಬರಿಹೊಟ್ಟೆಯ ರಕ್ತಪರೀಕ್ಷೆಗೆ ಹೊರಟ ಬೆಳಗ್ಗೆ ಮಾತ್ರ, ಹಾಲೂ ಸಕ್ಕರೆಯೂ ಇಲ್ಲವೆಂಬ ನೆಪದಿಂದ ಬರಿಯ ಡಿಕಾಕ್ಷನ್ನನ್ನೂ ಕುಡಿಯಕೂಡದು. ಆ ಹೊತ್ತಿಗೆ ನೀರೊಂದೇ ಸಲ್ಲತಕ್ಕದ್ದು.