ಅಂಟುಗುರು ಅಕ್ಕೋಳಕ್ಕೆ ಬಂದ ಹಾದಿ

ಅಕ್ಕೋಳದಂಥ ಹಳ್ಳಿಗಳ ನಿಪ್ಪಾಣಿ ಸೀಮೆಯಲ್ಲಿ ಉಗುರು ಮೊದಲು ಹತ್ಯಾರ, ಆಮೇಲೆ ಅಲಂಕಾರ. ತಂಬಾಕಿನ ಗಿಡ ಹೂವಿಗೆ ಬರುವ ಹೊತ್ತಿಗೆ ಅದರ ಕುಡಿ ಚಿವುಟಬೇಕು. ಚಿವುಟಿದ ಮೇಲೆ ಎಲೆಯ ಕಂಕುಳಲ್ಲಿ ಒಡೆಯುವ ಕವಲುಗಳನ್ನೂ ಬಿಡದೆ ತೆಗೆಯುತ್ತಿರಬೇಕು. ಇಲ್ಲದಿದ್ದರೆ ಎಲೆಗೆ ಸೇರಬೇಕಾದ ಸತ್ವವೆಲ್ಲ ಅವುಗಳ ಪಾಲು. ಹೆಬ್ಬೆರಳು, ತೋರುಬೆರಳು ಕೂಡಿ ಮಾಡುವ ಕೆಲಸವಿದು. ಎಲೆಯ ಅಂಟು ಬೆರಳಿಗೆ ಮೆತ್ತಿ, ಒಣಗಿ, ಉಗುರಿನ ಸಂದಿಯಲ್ಲಿ ಕಪ್ಪಗೆ ಕೂತುಬಿಡುತ್ತದೆ. ಒಂದು ಸಾರಿ ಸಾಬೂನು ಹಚ್ಚಿದರೆ ಹೋಗುವಂಥದ್ದಲ್ಲ.

ಬೀಡಿ ಕಟ್ಟುವವರದ್ದೂ ಅದೇ ಪಾಡು. ತೊಯಿಸಿದ ತೆಂಡು ಎಲೆಯನ್ನು ಅಳತೆಗೆ ಕತ್ತರಿಸಿ, ತಂಬಾಕು ತುಂಬಿ, ಸುರುಳಿ ಸುತ್ತಿ, ದಾರ ಕಟ್ಟಬೇಕು. ತುದಿಯನ್ನು ಒಳಕ್ಕೆ ಮಡಚುವಾಗ ಉಗುರೋ ಒಂದು ಸಣ್ಣ ಲೋಹದ ಕಡ್ಡಿಯೋ ನೆರವಿಗೆ ಬರಬೇಕು. ಕೂಲಿಯ ಲೆಕ್ಕ ಸಾವಿರ ಬೀಡಿಗೆ ಇಷ್ಟು ಎಂದು. ಆ ಲೆಕ್ಕ ಮುಟ್ಟಿಸುವ ಕೈ ಉಗುರನ್ನು ಚೂಪಾಗಿಸಿ ಬಣ್ಣ ಹಚ್ಚಿಕೊಂಡು ಕೂರುವುದು ಕಷ್ಟ. ನಿಪ್ಪಾಣಿಯ ತಂಬಾಕು ವಖಾರಗಳ ಹೆಂಗಸರು ಸಂಘ ಕಟ್ಟಿ ಹೋರಾಡಿದ ಕಥೆಯನ್ನು ದೀಪಾ ಧನರಾಜ್ ಮತ್ತು ಅವರ ‘ಯುಗಾಂತರ’ ಬಳಗ 1982ರ ‘ತಂಬಾಕು ಚಾಕಿಲಾ ಊಬ್ ಆಲಿ’ ಸಾಕ್ಷ್ಯಚಿತ್ರದಲ್ಲಿ ಹಿಡಿದಿಟ್ಟಿದೆ. ಈ ಸೀಮೆಯ ಕೈಗಳ ಚರಿತ್ರೆ ಬೇಕೆನ್ನುವವರು ಅಲ್ಲಿಂದಲೇ ಆರಂಭಿಸಬೇಕು.

ಹಾಗೆಂದು ಈ ಕೈಗಳಿಗೆ ಚೆಂದದ ಆಸೆ ಇರಲಿಲ್ಲವೆಂದಲ್ಲ. ಶ್ರಾವಣದ ಪಂಚಮಿ ಬಂತೆಂದರೆ ತವರಿಗೆ ಬಂದ ಹೆಣ್ಣುಮಕ್ಕಳು ಮದರಂಗಿ ಅರೆದು ಬೆರಳ ತುದಿಗೆ ಮೆತ್ತಿಕೊಂಡು ಮಲಗುತ್ತಿದ್ದರು. ಮದರಂಗಿಯ ಎಲೆಯಲ್ಲಿರುವ ಲಾಸೋನ್ ಎಂಬ ಬಣ್ಣದ ಅಂಶ ಕೆರಾಟಿನ್ನಿಗೆ ಕಚ್ಚಿಕೊಳ್ಳುತ್ತದೆ. ಚರ್ಮದ ಮೇಲ್ಪದರ ಕಳಚುತ್ತ ಅಂಗೈಯ ಕೆಂಪು ಎರಡು ವಾರದಲ್ಲಿ ಮಾಸಿದರೂ ಉಗುರಿನದು ಮಾಸದು, ಬೆಳೆದು ಕತ್ತರಿಸಿ ಹೋಗಬೇಕು, ಅಷ್ಟೇ. ಕೈಬೆರಳಿನ ಉಗುರು ಬೆಳೆಯುವುದು ತಿಂಗಳಿಗೆ ಮೂರು ಮಿಲಿಮೀಟರಿನಷ್ಟು. ಪೂರ್ತಿ ಹೊಸದಾಗಲು ಆರು ತಿಂಗಳು ಬೇಕು. ಪಂಚಮಿಯ ಕೆಂಪಿನ ಕೊನೆಯ ಅಂಚು ಸಂಕ್ರಾಂತಿಯವರೆಗೂ ಉಳಿದರೆ ಅಚ್ಚರಿಯಿಲ್ಲ. ರೊಟ್ಟಿ ಬಡಿದರೂ, ಸಗಣಿ ಬಳಿದರೂ, ಹಾಲು ಕರೆದರೂ ಹೋಗದ ಬಣ್ಣವದು. 1952ರಲ್ಲಿ ಟಾಟಾದವರ ಲ್ಯಾಕ್ಮೆ ಹುಟ್ಟಿದ ಮೇಲೆ ಸೀಸೆಯ ಬಣ್ಣವೂ ಜಾತ್ರೆಯ ಬಳೆ ಅಂಗಡಿಯವರೆಗೆ ಬರಲು ದಾರಿಯಾಯಿತು. ಆದರೆ ಅದಕ್ಕೆ ಮದರಂಗಿಯ ತಾಳಿಕೆ ಇರಲಿಲ್ಲ. ಪಾತ್ರೆ ತಿಕ್ಕಿದರೆ ಎರಡೇ ದಿನದಲ್ಲಿ ಹಕ್ಕಳೆ.

ಬಣ್ಣದ ಮಾತು ಹಾಗಾಯಿತು. ಉದ್ದಕ್ಕೆ ಮಾತ್ರ ಇಲ್ಲಿ ಯಾವ ಉಪಾಯವೂ ಇರಲಿಲ್ಲ.

ಬೆರಳಿಗೆ ಇಲ್ಲದ ಉಗುರನ್ನು ತೊಡಿಸುವ ಬುದ್ಧಿಯೇನೂ ಹೊಸದಲ್ಲ. ಧಾರವಾಡದ ಸಿತಾರ ವಾದಕರು ತೋರುಬೆರಳಿಗೆ ಏರಿಸಿಕೊಳ್ಳುವ ತಂತಿಯ ಮಿಜ್ರಾಬ್ ಒಂದು ಬಗೆಯಲ್ಲಿ ಹುಸಿ ಉಗುರೇ. ಈ ಗಡಿಭಾಗದ ಮಕ್ಕಳಿಗೆ ಎಲ್ಲಕ್ಕಿಂತ ಮೊದಲು ಗೊತ್ತಾಗುವ ಹುಸಿ ಉಗುರು ಶಿವಾಜಿ ಮಹಾರಾಜರ ವಾಘನಖ. 1659ರಲ್ಲಿ ಪ್ರತಾಪಗಡದ ಬುಡದಲ್ಲಿ ಅಫ್ಜಲ್ ಖಾನನನ್ನು ಎದುರಿಸಿದ ಕಥೆಯ ಹುಲಿಯುಗುರು ಅದು. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ ತನ್ನಲ್ಲಿದ್ದ ವಾಘನಖವನ್ನು ಮೂರು ವರ್ಷದ ಎರವಲಾಗಿ ಕೊಟ್ಟಿತು, 2024ರ ಜುಲೈನಲ್ಲಿ ಅದು ಸಾತಾರಾಕ್ಕೆ ಬಂತು. ಶಿವಾಜಿ ಬಳಸಿದ್ದು ಇದೇ ಎಂದು ಖಾತ್ರಿಯಾಗಿ ಹೇಳಲಾಗದು ಎಂಬುದು ಆ ಮ್ಯೂಸಿಯಮ್ಮಿನದೇ ಮಾತು.

ಈಗ ಡಬ್ಬಿಯಲ್ಲಿ ಬರುವ ಪ್ಲಾಸ್ಟಿಕ್ ಉಗುರು, ಅಂದರೆ ಅಂಟುಗುರು, ಹುಟ್ಟಿದ್ದು ಇಬ್ಬರು ದಂತವೈದ್ಯರ ಕೈಯಲ್ಲಿ. 1934ರಲ್ಲಿ ಶಿಕಾಗೋದ ಮ್ಯಾಕ್ಸ್‌ವೆಲ್ ಲ್ಯಾಪ್ ಎಂಬ ದಂತವೈದ್ಯ ‘ನು ನೇಲ್ಸ್’ ಎಂಬ ಕೃತಕ ಉಗುರನ್ನು ತಂದ. ಅವನ ಗಿರಾಕಿಗಳು ಸಿನಿಮಾ ನಟಿಯರಲ್ಲ, ಉಗುರು ಕಚ್ಚುವ ಚಾಳಿಯವರು. ಎರಡು ದಶಕದ ಬಳಿಕ ಫಿಲಡೆಲ್ಫಿಯಾದ ಫ್ರೆಡರಿಕ್ ಸ್ಲ್ಯಾಕ್ ಕೆಲಸದಲ್ಲಿ ತನ್ನ ಉಗುರು ಮುರಿದುಕೊಂಡ. ಕಟ್ಟುಹಲ್ಲಿಗೆ ಬಳಸುವ ಅಕ್ರಿಲಿಕ್ ಕೈಗೆ ಎಟುಕುವಂತಿತ್ತು, ಪಕ್ಕದಲ್ಲಿ ಅಲ್ಯೂಮಿನಿಯಂ ಹಾಳೆಯ ಚೂರಿತ್ತು. ಹಾಳೆಯನ್ನು ಬೆರಳ ಕೆಳಗೆ ಆಧಾರವಾಗಿಟ್ಟು ಅದರ ಮೇಲೆ ಅಕ್ರಿಲಿಕ್ ಹಾಕಿ ಉಗುರಿನ ಆಕಾರ ಕೊಟ್ಟ. ಮುರಿದುದನ್ನು ರಿಪೇರಿ ಮಾಡಲು ಹೊರಟವರ ಕೆಲಸ ಚೆಂದದ ವ್ಯಾಪಾರವಾಯಿತು. ಈ ಮೂಲ ಗೊತ್ತಿದ್ದರೆ ಅಂಟುಗುರನ್ನು ಬರೀ ಶೋಕಿ ಎಂದು ಮೂಗು ಮುರಿಯುವುದು ಸ್ವಲ್ಪ ಕಷ್ಟ.

ಅಂಟಿನ ಕಥೆ ಬೇರೆಯೇ ಇದೆ. 1942ರಲ್ಲಿ ಕೊಡ್ಯಾಕ್ ಕಂಪನಿಯ ಹ್ಯಾರಿ ಕೂವರ್ ಬಂದೂಕಿನ ಗುರಿನೋಟಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಸಯನೋಅಕ್ರಿಲೇಟ್ ಕೈಗೆ ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ ಎಂದು ಬಿಟ್ಟರು. 1951ರಲ್ಲಿ ಅದೇ ದೋಷ ಗುಣವಾಗಿ ಕಂಡಿತು, 1958ರಲ್ಲಿ ಮಾರುಕಟ್ಟೆಗೆ ಬಂತು. ಗಾಳಿಯ ಮತ್ತು ಚರ್ಮದ ತೇವವೇ ಅದನ್ನು ಕ್ಷಣದಲ್ಲಿ ಗಟ್ಟಿಯಾಗಿಸುತ್ತದೆ. ಅಕ್ಕೋಳದ ಕಿರಾಣಿ ಅಂಗಡಿಯಲ್ಲಿ ಫೆವಿಕ್ವಿಕ್ ಎಂದು ಕೇಳಿದರೆ ಕೊಡುವುದು ಅದೇ ವಂಶದ ಅಂಟು. ಆದರೂ ಅದನ್ನು ಉಗುರಿಗೆ ಹಚ್ಚಬಾರದು. ಉಗುರಿಗೆಂದೇ ಮಾಡಿದ ಅಂಟಿನ ಪುಟ್ಟ ಕೊಳವೆ ಡಬ್ಬಿಯಲ್ಲೇ ಇರುತ್ತದೆ.

1980ರ ದಶಕದಲ್ಲಿ ಅಮೆರಿಕದ ಟಿವಿ ಜಾಹೀರಾತುಗಳು ‘ಲೀ’ ಅಂಟುಗುರನ್ನು ಮನೆಮಾತಾಗಿಸಿದವು. 1988ರ ಸೋಲ್ ಒಲಿಂಪಿಕ್ಸಿನಲ್ಲಿ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ ಉದ್ದನೆಯ ಬಣ್ಣದ ಉಗುರುಗಳೊಂದಿಗೇ ಓಡಿ ಚಿನ್ನ ಗೆದ್ದಾಗ, ಉದ್ದ ಉಗುರಿನವರು ಕೆಲಸಕ್ಕೆ ಬಾರದವರು ಎನ್ನುವವರ ಬಾಯಿ ತುಸು ಮುಚ್ಚಿತು. ಅದೇ ವರ್ಷ ಆಕೆ ನೂರು ಮೀಟರಿನಲ್ಲಿ ಬರೆದ 10.49 ಸೆಕೆಂಡಿನ ದಾಖಲೆ ಇನ್ನೂ ಮುರಿದಿಲ್ಲ. ಆಮೇಲೆ ಪಾರ್ಲರಿನ ಜೆಲ್, ಅಕ್ರಿಲಿಕ್‌ಗಳ ಅಬ್ಬರದಲ್ಲಿ ಡಬ್ಬಿ ಉಗುರು ಅಗ್ಗದ ಮಾಲೆನಿಸಿ ಮೂಲೆ ಸೇರಿತು. 2020ರ ಲಾಕ್‌ಡೌನ್ ಪಾರ್ಲರುಗಳ ಬಾಗಿಲು ಹಾಕಿಸಿದಾಗ ಮತ್ತೆ ಎದ್ದಿತು. 2015ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೀಶೋದಂಥ ಆ್ಯಪ್‌ಗಳು ಹಳ್ಳಿಯ ಬಾಗಿಲಿಗೇ ಪಾರ್ಸೆಲ್ ತಲುಪಿಸತೊಡಗಿದ್ದವು. ಮದುವೆಯ ಕೈಗೆ ಉಗುರು ಕೂರಿಸಲು ಕೊಲ್ಹಾಪುರದ ಪಾರ್ಲರಿಗೇ ಹೋಗಬೇಕೆಂಬ ಕಟ್ಟು ತಪ್ಪಿತು. ಅಲ್ಲಿ ಸಾವಿರದ ಮೇಲೆ ಬೀಳುವ ಖರ್ಚಿನ ಬದಲು ಇಲ್ಲಿ ನೂರಿನ್ನೂರರ ಡಬ್ಬಿ.

ಸಾಮಾನ್ಯವಾಗಿ ಒಂದು ಡಬ್ಬಿಯಲ್ಲಿ 24 ಉಗುರು, ಹತ್ತು ಹನ್ನೆರಡು ಅಳತೆ. ಕೈ ತೊಳೆದು, ಒರೆಸಿ, ಉಗುರಿನ ಬುಡದ ತೊಗಲನ್ನು ಕಡ್ಡಿಯಿಂದ ಮೆಲ್ಲಗೆ ಹಿಂದಕ್ಕೆ ದೂಡಬೇಕು. ಉಗುರಿನ ಹೊಳಪನ್ನು ಅರದಿಂದ ತುಸು ಮಂಕಾಗಿಸಬೇಕು. ಎಣ್ಣೆಯ ಪಸೆ ಉಳಿದರೆ ಅಂಟು ಹಿಡಿಯದು, ಆದ್ದರಿಂದ ಸ್ಪಿರಿಟ್ಟಿನಲ್ಲಿ ಒರೆಸುವ ಕೆಲಸ ತಪ್ಪಿಸುವಂತಿಲ್ಲ. ಎಲ್ಲರೂ ಎಡವುವುದು ಅಳತೆಯಲ್ಲಿ. ಎರಡು ಅಳತೆಗಳ ನಡುವೆ ಬೆರಳು ಸಿಕ್ಕಿಕೊಂಡರೆ ದೊಡ್ಡದನ್ನು ತೆಗೆದುಕೊಂಡು ಅಂಚು ತಿಕ್ಕಬೇಕು. ಚಿಕ್ಕದನ್ನು ಒತ್ತಿ ಕೂರಿಸಿದರೆ ಬದಿಯಿಂದ ಏಳುತ್ತದೆ. ಬುಡದ ಕಡೆಯಿಂದ ಓರೆಯಾಗಿ ಇಳಿಸಿ, ಅರ್ಧ ನಿಮಿಷ ಬಿಗಿಯಾಗಿ ಅದುಮಿದರೆ ಒಳಗೆ ಗಾಳಿ ನಿಲ್ಲದು. ಅಂಟು ಹಚ್ಚಿದ್ದು ವಾರ ಬಾಳುತ್ತದೆ, ಎರಡೂ ಬದಿ ಅಂಟಿರುವ ಪಾರದರ್ಶಕ ಪಟ್ಟಿಯದು ಒಂದೆರಡು ದಿನ.

ಈ ಊರುಗಳ ಮಟ್ಟಿಗೆ ಪಟ್ಟಿಯೇ ಸರಿ ಎನಿಸುತ್ತದೆ. ಅರಿಷಿಣದ ಹಿಂದಿನ ರಾತ್ರಿ ಹಚ್ಚಿ, ಅಕ್ಷತೆಯ ಮರುದಿನ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಕೈ ಅದ್ದಿ, ಅಂಚಿಗೆ ಒಂದು ಹನಿ ಎಣ್ಣೆ ಬಿಟ್ಟು ಸರಿಸಿದರೆ ಬಂದುಬಿಡುತ್ತದೆ. ಮೂರನೆಯ ದಿನ ಅದೇ ಕೈ ಹೊಲದಲ್ಲಿ ಇರಬೇಕು. ಬಿಚ್ಚಲು ಬರುತ್ತದೆ ಎಂಬುದರಿಂದಲೇ ಅದು ದುಡಿಯುವ ಕೈಗೆ ಒಗ್ಗಿತು. ಕಟಕಟ ಎಳೆದು ಕಿತ್ತರೆ ಮಾತ್ರ ಸ್ವಂತ ಉಗುರಿನ ಪದರವೂ ಜತೆಗೆ ಎದ್ದು ಬರುತ್ತದೆ. ಅಂಚು ಎದ್ದಿದ್ದರೂ ಹಾಗೇ ಬಿಟ್ಟರೆ ಒಳಗೆ ನೀರು ನಿಂತು ಸೂಡೊಮೊನಾಸ್ ಬ್ಯಾಕ್ಟೀರಿಯಾ ಬೆಳೆದು ಉಗುರು ಹಸಿರಾಗಬಹುದು. ಅಂಟಿನ ಕೊಳವೆಯನ್ನು ಮಕ್ಕಳಿಗೆ ಎಟುಕದಂತೆ ಇಡಬೇಕು: ಸಯನೋಅಕ್ರಿಲೇಟ್ ಹತ್ತಿಯ ಬಟ್ಟೆಯ ಮೇಲೆ ಚೆಲ್ಲಿದರೆ ಕಾವೆದ್ದು ಚರ್ಮ ಸುಡುತ್ತದೆ. ಒಲೆಯ ಮುಂದೆ ರೊಟ್ಟಿ ಸುಡುವವರು ಈ ಪ್ಲಾಸ್ಟಿಕ್ಕನ್ನು ತೊಟ್ಟು ಕೂರುವುದೂ ಜಾಣತನವಲ್ಲ.

ತೆಗೆದಿಟ್ಟೇ ಹೋಗಬೇಕಾದ ಜಾಗಗಳೂ ಇವೆ. ತೀವ್ರ ನಿಗಾ ಘಟಕ, ಶಸ್ತ್ರಚಿಕಿತ್ಸೆಯ ಕೋಣೆಗಳಲ್ಲಿ ರೋಗಿಗಳನ್ನು ಮುಟ್ಟುವ ಸಿಬ್ಬಂದಿ ಕೃತಕ ಉಗುರು ಧರಿಸಬಾರದೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2002ರಲ್ಲೇ ಹೇಳಿದೆ. ಶಸ್ತ್ರಚಿಕಿತ್ಸೆಗೆ ಮಲಗುವವರಿಗೂ ತೆಗೆಯಲು ಹೇಳುವುದುಂಟು. ಏಕೆಂದರೆ ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಮಾಪಕ ಉಗುರಿನ ಮೂಲಕವೇ ಬೆಳಕು ಹಾಯಿಸುತ್ತದೆ. ಇನ್ನೊಂದು ಮತಗಟ್ಟೆ. 1962ರ ಚುನಾವಣೆಯಿಂದ ದೇಶದ ಬೆರಳಿಗೆಲ್ಲ ಶಾಯಿ ಪೂರೈಸುತ್ತಿರುವುದು ನಮ್ಮದೇ ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆ. ಎಡಗೈ ತೋರುಬೆರಳಿನ ಉಗುರಿನ ತುದಿಯಿಂದ ಮೊದಲ ಗಿಣ್ಣಿನವರೆಗೆ ಎಳೆಯುವ ಆ ಗೆರೆಯಲ್ಲಿ ಹೆಚ್ಚು ದಿನ ಬಾಳುವುದು ಉಗುರಿನ ಮೇಲಿನ ಭಾಗವೇ. ಪ್ಲಾಸ್ಟಿಕ್ಕಿನ ಮೇಲೆ ಎಳೆಸಿಕೊಂಡರೆ ಅದು ಸಂಜೆಯೇ ಡಬ್ಬಿ ಸೇರಬಹುದು. ಉಳಿದ ಒಂಬತ್ತಕ್ಕೆ ಹಚ್ಚಿಕೊಂಡು ಆ ಒಂದು ಬೆರಳನ್ನು ಬರಿದಾಗಿ ಬಿಟ್ಟು ಹೋದರೆ ಮತಗಟ್ಟೆ ಅಧಿಕಾರಿಯ ತಕರಾರಿಗೂ ಎಡೆಯಿರದು.