ಹೊಲದಲ್ಲಿ ಕಲಿತದ್ದಕ್ಕೂ ಅಂಕ: ಧಾರವಾಡ ಕೃಷಿ ವಿವಿಗೆ ಸೇರುವ ದಾರಿ

ಧಾರವಾಡದಲ್ಲಿ ಕಾಲೇಜುಗಳಿಗೇನೂ ಬರವಿಲ್ಲ. ಆದರೂ ಪಿಯುಸಿ ವಿಜ್ಞಾನ ಮುಗಿಸಿದ ರೈತರ ಮಕ್ಕಳಿಗೆ ಎತ್ತಿನಗುಡ್ಡದ ಕೃಷಿ ವಿಶ್ವವಿದ್ಯಾಲಯದ ಸೀಟೆಂದರೆ ವಿಶೇಷ ಆಸೆ. ಅದಕ್ಕೆ ದೊಡ್ಡ ಕಾರಣ, ಪ್ರವೇಶದ ಪದ್ಧತಿಯೇ ಎಂದು ನನಗನಿಸುತ್ತದೆ.

1947ರಲ್ಲಿ ಇಲ್ಲಿ ಕೃಷಿ ಕಾಲೇಜು ಶುರುವಾಯಿತು. 1986ರ ಅಕ್ಟೋಬರ್ 1ರಂದು ಬೆಂಗಳೂರು ಕೃಷಿ ವಿವಿಯಿಂದ ಬೇರೆಯಾಗಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಬಿ.ಎಸ್ಸಿ. ಅಗ್ರಿಕಲ್ಚರ್, ಅಂದರೆ ಕೃಷಿ ಪದವಿ, ನಾಲ್ಕು ವರ್ಷದ್ದು. ವಿಜಯಪುರ, ಹನುಮನಮಟ್ಟಿಗಳಲ್ಲೂ ಇದೇ ವಿವಿಯ ಕೃಷಿ ಕಾಲೇಜುಗಳಿವೆ. ಅರಣ್ಯಶಾಸ್ತ್ರ ಬೇಕಾದವರು ಶಿರಸಿಗೆ ಹೋಗಬೇಕು.

ಸೀಟು ಹಂಚುವುದು ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಸಿಇಟಿ (ಸಾಮಾನ್ಯ ಪ್ರವೇಶ ಪರೀಕ್ಷೆ) ಮೂಲಕ. ಎಂಜಿನಿಯರಿಂಗ್ ಸಾಕೆಂದು ಜೀವಶಾಸ್ತ್ರದ ಪತ್ರಿಕೆ ಬಿಟ್ಟವರಿಗೆ ಕೃಷಿಯ ಬಾಗಿಲು ಮುಚ್ಚಿದಂತೆಯೇ. ರೈತರ ಮಕ್ಕಳಿಗೆ ಮೀಸಲು ಸೀಟುಗಳಿವೆ. 2021ರಲ್ಲಿ ಸರ್ಕಾರ ಅದನ್ನು ಶೇ 40ರಿಂದ ಶೇ 50ಕ್ಕೆ ಏರಿಸಿತು. ಈ ಕೋಟಾ ಬೇಕೆಂದರೆ ಸಿಇಟಿ ಅರ್ಜಿಯಲ್ಲೇ ಕೇಳಬೇಕು, ಕೃಷಿಕ ಕುಟುಂಬದವರೆಂದು ತಹಶೀಲ್ದಾರರ ಪ್ರಮಾಣಪತ್ರ ಇಟ್ಟುಕೊಂಡಿರಬೇಕು. ಕಚೇರಿಗಳಲ್ಲಿ ತಡವಾಗುವುದು ಗೊತ್ತಿದ್ದದ್ದೇ. ಮೊದಲೇ ಓಡಾಡಿ.

ಪ್ರಮಾಣಪತ್ರವಿದ್ದರೆ ಸಾಕೇ? ಸಾಲದು. ಕೃಷಿ ಪ್ರಾಯೋಗಿಕ ಪರೀಕ್ಷೆಗೂ ಕೂರಬೇಕು. ಮೇಜಿನ ಮೇಲೆ ಬೀಜ, ಗೊಬ್ಬರ, ಕಳೆ, ಸಲಕರಣೆಗಳ ಮಾದರಿ ಇಟ್ಟಿರುತ್ತಾರೆ. ನೋಡಿ ಗುರುತಿಸಬೇಕು, ಉಪಯೋಗ ತಿಳಿದಿರಬೇಕು. ಕುಸುಬಿ ಯಾವುದು, ಅಗಸಿ ಯಾವುದು? ಯೂರಿಯಾ ಕಾಳಿಗೂ ಡಿಎಪಿ ಕಾಳಿಗೂ ಏನು ವ್ಯತ್ಯಾಸ? ಕೂರಿಗೆ ಏನು ಮಾಡುತ್ತದೆ, ಎಡೆಕುಂಟೆ ಏನು ಮಾಡುತ್ತದೆ? ಈ ಅಂಕವೂ ಸೇರಿ ರೈತ ಕೋಟಾದ ರ‍್ಯಾಂಕ್ ತಯಾರಾಗುತ್ತದೆ. ಹೈಸ್ಕೂಲಿನಿಂದಲೇ ಹಾಸ್ಟೆಲ್ ಸೇರಿದ ಎಷ್ಟೋ ರೈತರ ಮಕ್ಕಳಿಗೆ ಜೇಕು, ಕರಿಕೆಗಳ ಗುರುತೇ ಇರುವುದಿಲ್ಲ. ಅಂಥವರನ್ನು ಹೊಲಕ್ಕೆ ಕರೆದೊಯ್ದು ತೋರಿಸಿ. ಅಜ್ಜ ಇದ್ದರೆ ಇನ್ನೂ ಒಳ್ಳೆಯದು, ಕೋಚಿಂಗ್ ಪುಕ್ಕಟೆ.

ಹೊಲವಿಲ್ಲದವರ ಮಕ್ಕಳು ಸೇರಬಾರದೆಂದಲ್ಲ. ಅವರಿಗೆ ಈ ಪ್ರಾಯೋಗಿಕ ಪರೀಕ್ಷೆ ಇಲ್ಲ; ಸಾಮಾನ್ಯ ರ‍್ಯಾಂಕಿನಲ್ಲೇ ಸೀಟು. ಆದರೆ ಕೊನೆಯ ವರ್ಷ ಎಲ್ಲರೂ ಹಳ್ಳಿಯಲ್ಲಿದ್ದು ರೈತರ ಜೊತೆ ಕೆಲಸ ಮಾಡಬೇಕು. ಗ್ರಾಮೀಣ ಕೃಷಿ ಕಾರ್ಯಾನುಭವವೆಂಬ ಇದು ಪಠ್ಯದ್ದೇ ಭಾಗ. ಮಣ್ಣು ಮುಟ್ಟದೆ ಪದವಿ ಪಡೆಯುವ ಆಸೆಯಿದ್ದರೆ ಬೇರೆ ಕೋರ್ಸ್ ನೋಡುವುದೇ ಮೇಲು.

ಖರ್ಚಿನ ಮಾತು. ಸೀಟಿನ ಬಗೆಯ ಮೇಲೆ ಶುಲ್ಕ ಬೇರೆಯಾಗುತ್ತದೆ. ಆದ್ದರಿಂದ ಆಪ್ಶನ್ ಎಂಟ್ರಿ, ಅಂದರೆ ಕಾಲೇಜು-ಕೋರ್ಸ್ ಆಯ್ಕೆ ದಾಖಲಿಸುವ ಮುನ್ನ, ಕೆಇಎ ಜಾಲತಾಣದಲ್ಲಿ ಆ ವರ್ಷದ ಪಟ್ಟಿ ನೋಡಿ. ಹಾಸ್ಟೆಲ್, ಊಟದ ಖರ್ಚು ಬೇರೆ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯ ವಿದ್ಯಾರ್ಥಿವೇತನಕ್ಕೂ ವಿಚಾರಿಸಿ. ಅದಕ್ಕೆ ತಂದೆ ಅಥವಾ ತಾಯಿಯ ಹೆಸರಿನಲ್ಲಿ ಫ್ರೂಟ್ಸ್ ಐಡಿ, ಅಂದರೆ ರೈತ ನೋಂದಣಿ ಸಂಖ್ಯೆ ಬೇಕು. ಮಾಡಿಸಿಲ್ಲದಿದ್ದರೆ ಪಹಣಿ, ಆಧಾರ್ ಹಿಡಿದು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ.