ಭೀಷ್ಮನ ಮರಣರಹಸ್ಯ

ಭೀಷ್ಮನ ಮರಣರಹಸ್ಯವು ಮಹಾಭಾರತದ ಭೀಷ್ಮಪರ್ವದಲ್ಲಿ ಬರುವ ಒಂದು ಪ್ರಸಂಗ. ಕುರುಕ್ಷೇತ್ರ ಯುದ್ಧದ 9ನೆಯ ದಿನದ ರಾತ್ರಿ ಪಾಂಡವರು ಕೃಷ್ಣನೊಡನೆ ಶತ್ರುಸೇನಾಪತಿಯಾದ ಭೀಷ್ಮನ ಶಿಬಿರಕ್ಕೆ ಹೋಗಿ, ಅವನನ್ನು ಕೊಲ್ಲುವ ಉಪಾಯವನ್ನು ಅವನಿಂದಲೇ ಕೇಳಿ ತಿಳಿಯುತ್ತಾರೆ. ಗದುಗಿನ ನಾರಣಪ್ಪನ (ಕುಮಾರವ್ಯಾಸ) ಕರ್ಣಾಟ ಭಾರತ ಕಥಾಮಂಜರಿಯ ಮೂಲಕ ಈ ಕಥೆ ಕನ್ನಡಿಗರಿಗೆ ಚಿರಪರಿಚಿತ.

ಹಿನ್ನೆಲೆ

ಕಾಶಿರಾಜನ ಮಗಳು ಅಂಬೆಯು ಭೀಷ್ಮನಿಂದ ತನ್ನ ಬಾಳು ಕೆಟ್ಟಿತೆಂದು ತಪಸ್ಸು ಮಾಡಿ, ಮರುಜನ್ಮದಲ್ಲಿ ಅವನನ್ನು ಕೊಲ್ಲುವ ವರವನ್ನು ಶಿವನಿಂದ ಪಡೆದಳು. ಆಕೆ ದ್ರುಪದನ ಮಗಳಾಗಿ ಜನಿಸಿ, ಸ್ಥೂಣಾಕರ್ಣನೆಂಬ ಯಕ್ಷನಿಂದ ಪುರುಷತ್ವ ಪಡೆದು ಶಿಖಂಡಿಯಾದಳು. ಈ ವೃತ್ತಾಂತ ಗುಟ್ಟೇನೂ ಆಗಿರಲಿಲ್ಲ. ಉದ್ಯೋಗಪರ್ವದಲ್ಲಿ ಭೀಷ್ಮನೇ ಇದನ್ನು ದುರ್ಯೋಧನನಿಗೆ ಹೇಳಿದ್ದಾನೆ. ಶಿಖಂಡಿಯಿಂದ ಅಜ್ಜನನ್ನು ಕಾಪಾಡಬೇಕೆಂದು ದುರ್ಯೋಧನನು ದುಶ್ಶಾಸನನಿಗೆ ಆಜ್ಞಾಪಿಸಿಯೂ ಇದ್ದನು. ಆದರೆ ತಂದೆ ಶಂತನುವಿನಿಂದ ಇಚ್ಛಾಮರಣದ ವರ ಪಡೆದವನನ್ನು ಆ ವರವೊಂದೇ ಕೆಡವಲಾರದು. ಅದು ರಣರಂಗದಲ್ಲಿ ಹೇಗೆ ಫಲಿಸಬೇಕೆಂಬುದನ್ನು ಭೀಷ್ಮನೇ ಹೇಳಬೇಕಾಗಿತ್ತು.

ಯುದ್ಧಾರಂಭದಲ್ಲಿಯೇ ಧರ್ಮರಾಯನು ಕಾಲ್ನಡಿಗೆಯಲ್ಲಿ ಭೀಷ್ಮನ ಬಳಿ ಹೋಗಿ ಈ ಪ್ರಶ್ನೆ ಕೇಳಿದ್ದನು. ತನ್ನ ಕಾಲವಿನ್ನೂ ಬಂದಿಲ್ಲ, ಮತ್ತೊಮ್ಮೆ ಬಾ ಎಂಬ ಉತ್ತರ ಅಂದು ದೊರೆತಿತ್ತು.

ಒಂಬತ್ತನೆಯ ರಾತ್ರಿ

ಅಪಾರ ಸೈನ್ಯನಾಶದಿಂದ ಕಂಗೆಟ್ಟ ಧರ್ಮರಾಯನು ಕೃಷ್ಣನ ಸಲಹೆ ಕೇಳುತ್ತಾನೆ. ಭೀಷ್ಮನನ್ನು ತಾನೇ ಕೊಲ್ಲುವೆನೆಂದು ಕೃಷ್ಣನು ಹೇಳಿದರೂ, ಆಯುಧ ಹಿಡಿಯೆನೆಂಬ ಅವನ ಮಾತು ಸುಳ್ಳಾಗಬಾರದೆಂದು ಧರ್ಮರಾಯನು ಒಪ್ಪುವುದಿಲ್ಲ. ಕೌರವರ ಪರ ಹೋರಾಡಿದರೂ ಹಿತವನ್ನು ಹೇಳುವೆನೆಂದು ಭೀಷ್ಮನು ಕೊಟ್ಟಿದ್ದ ಮಾತು ಅವನಿಗೆ ನೆನಪಿತ್ತು. ಎಲ್ಲರೂ ಕವಚ, ಶಸ್ತ್ರಗಳನ್ನು ಕಳಚಿಟ್ಟು ಹೋಗಿ ನಮಸ್ಕರಿಸುತ್ತಾರೆ. ಇಲ್ಲಿ ಆಮಿಷವಿಲ್ಲ, ಬೆದರಿಕೆಯಿಲ್ಲ, ಮೋಸವೂ ಇಲ್ಲ, ಬೇಡಿಕೆ ನೇರವಾದುದು.

ಶಸ್ತ್ರ ಚೆಲ್ಲಿದವನು, ಓಡುವವನು, ಹೆದರಿದವನು, ಸ್ತ್ರೀ ಅಥವಾ ಸ್ತ್ರೀಯಾಗಿದ್ದವನು ಎದುರಾದರೆ ತಾನು ಬಾಣ ಬಿಡುವುದಿಲ್ಲವೆಂದು ಭೀಷ್ಮನು ತಿಳಿಸುತ್ತಾನೆ. ಶಿಖಂಡಿಯನ್ನು ಮುಂದಿಟ್ಟು ಅರ್ಜುನನು ಹೊಡೆಯಲಿ ಎನ್ನುತ್ತಾನೆ. ಹೀಗೆ ಅವನ ಮರಣಕ್ಕೆ ದಾರಿಯಾದುದು ಅವನ ಯುದ್ಧನಿಯಮವೇ. ಇದನ್ನು ಸ್ವಾಮಿದ್ರೋಹವೆಂದು ಬಗೆಯುವವರುಂಟು, ಆದರೆ ಅವನು ಮರುದಿನವೂ ಕೌರವರಿಗಾಗಿ ಪೂರ್ಣಶಕ್ತಿಯಿಂದಲೇ ಹೋರಾಡಿದನೆಂಬುದನ್ನು ಮರೆಯುವಂತಿಲ್ಲ. ರಹಸ್ಯ ಕೈಸೇರಿದ ಮೇಲೆ ಸಂಕಟವಾದುದು ಅರ್ಜುನನಿಗೆ. ಧೂಳು ಮೆತ್ತಿದ ಮೈಯಲ್ಲಿ ತೊಡೆಯೇರಿ ಆಡಿದ ಅಜ್ಜನನ್ನು ಕೊಲ್ಲಲಾರೆನೆಂದು ಅವನು ಹಿಂಜರಿಯುತ್ತಾನೆ. ಕೃಷ್ಣನು ಕ್ಷತ್ರಿಯಧರ್ಮವನ್ನು ನೆನಪಿಸಿ ಒಪ್ಪಿಸುತ್ತಾನೆ. 10ನೆಯ ದಿನ ಭೀಷ್ಮನು ಶರಶಯ್ಯೆಯನ್ನು ಸೇರಿದನು.

ದ್ರೋಣನ ವಿಷಯದಲ್ಲಿಯೂ ಇದೇ ಜಾಡಿದೆ. ನಂಬಿಕಸ್ಥನಿಂದ ಅಪ್ರಿಯವಾರ್ತೆ ಕೇಳಿದರೆ ಶಸ್ತ್ರ ತ್ಯಜಿಸುವೆನೆಂದು ಅವನು ಮೊದಲ ದಿನವೇ ಧರ್ಮರಾಯನಿಗೆ ಹೇಳಿದ್ದನು. ಅದನ್ನು 15ನೆಯ ದಿನ ಬಳಸಿಕೊಂಡಾಗ ಮಾತ್ರ ಸುಳ್ಳು ಬೆರೆಯಿತು.

ಕನ್ನಡದಲ್ಲಿ

ಕುಮಾರವ್ಯಾಸನ ಕಾವ್ಯ ಭಾಮಿನೀ ಷಟ್ಪದಿಯಲ್ಲಿದ್ದು, ಭಾರತವನ್ನು ಕೃಷ್ಣಕಥೆಯಾಗಿ ಕಾಣುತ್ತದೆ. ಯಕ್ಷಗಾನದ ‘ಭೀಷ್ಮ ವಿಜಯ’ ಪ್ರಸಂಗದ ವಸ್ತು ಅಂಬೆಯ ಕಥೆ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನೂ ಶರಶಯ್ಯೆಯ ಭೀಷ್ಮನಲ್ಲಿಗೆ ಬರುತ್ತಾನೆ. ಸಂಧಿ ಮಾಡಿಕೊಳ್ಳೆಂಬ ಹಿತವಚನವನ್ನು ಅವನು ಒಪ್ಪದೆ, ಕೊನೆಗೆ ಅಜ್ಜನು ಸೂಚಿಸಿದಂತೆ ವೈಶಂಪಾಯನ ಸರೋವರದತ್ತ ಹೋಗುತ್ತಾನೆ.